ರಾತ್ರಿ ಸಣ್ಣ ವಾಲ್ಯೂಮಲ್ಲಿ ಸ್ಟೀರಿಯೋ ಸಪ್ಪೆ ಆಗುತ್ತೆ, ಏನ್ ಮಾಡ್ಬೇಕು?

ಮಹಡಿಮನೆ_ಸರಸ್ವತಿಪುರಂ

ಹಗಲು ಹೊತ್ತು ಜೋರಾಗಿ ಹಾಕಿದರೆ ಚೆನ್ನಾಗೇ ಕೇಳುವ ಸೆಟ್ಟು, ರಾತ್ರಿ ಹತ್ತರ ಮೇಲೆ ಸಣ್ಣಗೆ ಇಟ್ಟರೆ ಜೀವವೇ ಇರಲ್ಲ. ಮೃದಂಗದ ಎಡಗಡೆ ಮಾಯ, ತಂಬೂರಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ಹಾಡುವವರು ನಡುವೆ ಕೂರುವ ಬದಲು ಎಡಕ್ಕೆ ಸರಿದ ಹಾಗೂ ಅನ್ನಿಸುತ್ತೆ.

ಇರೋದು ಇಷ್ಟು: 5 ಇಂಚು ವೂಫರ್ (ಬೇಸ್ ಕೊಡೋ ಕೋನ್) ಇರುವ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ (ಸೆನ್ಸಿಟಿವಿಟಿ 86 ಡಿಬಿ, 8 ಓಮ್), 60 ವ್ಯಾಟ್‌ನ ಇಂಟಿಗ್ರೇಟೆಡ್ ಆಂಪ್, ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸಿಗ್ನಲನ್ನ ಆಂಪ್‌ಗೆ ಬೇಕಾದ ಸಿಗ್ನಲ್ ಮಾಡೋ ಪೆಟ್ಟಿಗೆ). ಕೋಣೆ 10×12 ಅಡಿ, ಎತ್ತರ 10 ಅಡಿ. ರೆಡ್ ಆಕ್ಸೈಡ್ ನೆಲ, ಆರ್‌ಸಿಸಿ ಮೇಲ್ಛಾವಣಿ. ಒಂದು ಉದ್ದ ಗೋಡೆ ಪಕ್ಕದ ಮನೆಯವರಿಗೂ ನಮಗೂ ಒಂದೇ. ಸ್ಪೀಕರ್ ಇರೋದು 10 ಅಡಿಯ ಗೋಡೆಗಿಟ್ಟ ನಾಲ್ಕಡಿ ಎತ್ತರದ ಷೋಕೇಸ್ ಮೇಲೆ, ಕೂರೋದು ಎದುರು ಗೋಡೆಗೆ ಅಂಟಿಸಿದ ದಿವಾನ್ ಮೇಲೆ.

ಅಂಗಡಿಯವರು 100 ವ್ಯಾಟ್ ಆಂಪ್ ಹಾಕಿ ಸಾರ್, ಸಣ್ಣ ವಾಲ್ಯೂಮಲ್ಲೂ ದಮ್ ಇರುತ್ತೆ ಅಂತಾರೆ. ನಿಜವಾ?

---

ಓಮ್_ನಿಯಮ

ವ್ಯಾಟ್ ಲೆಕ್ಕ ಮೊದಲು ಮುಗಿಸಿಬಿಡೋಣ, ದುಡ್ಡು ಉಳಿಯುತ್ತೆ.

86 ಡಿಬಿ ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸಿಗುವ ಮಟ್ಟ. ನಿಮ್ಮ ದಿವಾನ್ ಹತ್ತಿರತ್ತಿರ 2.8 ಮೀಟರ್ ದೂರ. ದೂರಕ್ಕೆ 9 ಡಿಬಿ ಕಳೆಯಿರಿ, ಗೋಡೆಗಳಿಂದ ವಾಪಸ್ ಬರೋದು ಮತ್ತು ಎರಡು ಸ್ಪೀಕರ್ ಸೇರೋದಕ್ಕೆ ಒಂದಿಷ್ಟು ಕೂಡಿಸಿ. ಒಟ್ಟು 83 ಡಿಬಿ ಅಂತಿಟ್ಟುಕೊಳ್ಳಿ. ರಾತ್ರಿ ನೀವು ಕೇಳೋದು 60 ಡಿಬಿ ಆಸುಪಾಸು. 23 ಡಿಬಿ ಕಡಿಮೆ, ಅಂದರೆ ಶಕ್ತಿಯಲ್ಲಿ ಇನ್ನೂರರಲ್ಲೊಂದು ಪಾಲು. 5 ಮಿಲಿವ್ಯಾಟ್! 60ರ ಆಂಪ್ ಆದರೂ 5 ಮಿಲಿವ್ಯಾಟೇ, 100ರದ್ದಾದರೂ 5 ಮಿಲಿವ್ಯಾಟೇ. ಆ ಮಟ್ಟದಲ್ಲಿ ಆಂಪ್‌ನ ಗುಣದಲ್ಲಿ ಲೆಕ್ಕಕ್ಕೆ ಬರುವುದು ಹಿಸ್ (ಸ್ಸ್ ಅನ್ನೋ ಸದ್ದು) ಎಷ್ಟಿದೆ, ಹಳೇ ಆಂಪ್ ಆದರೆ ಬಯಾಸ್ (ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಹರಿಯೋ ಸಣ್ಣ ಕರೆಂಟ್) ಸರಿಯಾಗಿದೆಯಾ ಅನ್ನೋದು. ಬಯಾಸ್ ತೀರಾ ಕಮ್ಮಿಯಾದ ಕ್ಲಾಸ್ ಎಬಿ ಆಂಪ್‌ನಲ್ಲಿ ಕ್ರಾಸ್‌ಓವರ್ ಡಿಸ್ಟಾರ್ಷನ್ (ಅಲೆ ಸೊನ್ನೆ ದಾಟುವಾಗ ಆಗೋ ಕೆಡುಕು) ಎದ್ದು ಕಾಣೋದೇ ಸಣ್ಣ ಸಿಗ್ನಲ್‌ನಲ್ಲಿ. ಜೋರಾಗಿಟ್ಟಾಗ ಮುಚ್ಚಿಹೋಗುತ್ತೆ.

ಬೇಸ್ ಮಾಯ ಆಗೋಕೆ ಕಾರಣ ಬೇರೆ. ಅದು ನಿಮ್ಮ ಸೆಟ್ಟಿನ ದೋಷವೇ ಅಲ್ಲ, ಕಿವಿಯ ಸ್ವಭಾವ: ಶಬ್ದ ಸಣ್ಣದಾದಷ್ಟೂ ಅದಕ್ಕೆ ಬೇಸ್ ಬೇಗ ಕಮ್ಮಿಯಾಗಿ ಕೇಳುತ್ತೆ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದು ಇದನ್ನೇ. ಆಮೇಲೆ ಐಎಸ್‌ಒ 226 ಅನ್ನೋ ಮಾನಕ ಆಯ್ತು, 2003ರಲ್ಲಿ ಅದರ ಗೆರೆಗಳನ್ನ (ಯಾವ ಸ್ವರಕ್ಕೆ ಎಷ್ಟು ಡಿಬಿ ಕೊಟ್ಟರೆ ಒಂದೇ ಜೋರು ಕೇಳುತ್ತೆ ಅನ್ನೋ ಗ್ರಾಫ್) ಹೊಸದಾಗಿ ಅಳೆದು ತಿದ್ದಿದರು. ಅದರ ಪ್ರಕಾರ 1000 ಹರ್ಟ್ಸ್‌ನ ಸ್ವರ 80 ಡಿಬಿಯಲ್ಲಿ ಎಷ್ಟು ಜೋರು ಕೇಳುತ್ತೋ ಅಷ್ಟೇ ಜೋರಾಗಿ 50 ಹರ್ಟ್ಸ್ ಕೇಳಬೇಕಾದರೆ ಸುಮಾರು 102 ಡಿಬಿ ಬೇಕು. 1000 ಹರ್ಟ್ಸನ್ನ 60ಕ್ಕೆ ಇಳಿಸಿದಾಗ 50 ಹರ್ಟ್ಸ್‌ಗೆ ಬೇಕಾಗೋದು ಸುಮಾರು 90. ಗಮನಿಸಿ, ಅದು ಇಳಿಯಬೇಕಾದ್ದು 12 ಡಿಬಿ ಮಾತ್ರ. ವಾಲ್ಯೂಮ್ ನಾಬ್ ಮಾತ್ರ ಎರಡನ್ನೂ 20 ಡಿಬಿ ಇಳಿಸಿಬಿಟ್ಟಿರುತ್ತೆ. ಅಲ್ಲಿಗೆ 50 ಹರ್ಟ್ಸ್‌ನಲ್ಲಿ 8 ಡಿಬಿ ಕೊರತೆ. 100 ಹರ್ಟ್ಸ್‌ನಲ್ಲಿ 6, 250ರಲ್ಲಿ 3, 500 ದಾಟಿದ ಮೇಲೆ ಹೇಳಿಕೊಳ್ಳುವಂಥದ್ದಲ್ಲ.

ಮೇಲಿನ ಟ್ರೆಬಲ್‌ಗೆ ಹಾಗೆ ದೊಡ್ಡ ಕೊರತೆ ಬೀಳಲ್ಲ. ಹಳೇ ಆಂಪ್‌ಗಳ ಲೌಡ್‌ನೆಸ್ ಸ್ವಿಚ್ಚು (ಸಣ್ಣ ವಾಲ್ಯೂಮಿಗೆ ಅಂತ ಇರೋದು) ಬೇಸ್ ಜೊತೆ ಟ್ರೆಬಲನ್ನೂ ಎತ್ತುತ್ತಿತ್ತು. ಅದಕ್ಕೇ ತುಂಬಾ ಜನಕ್ಕೆ ಅದು ಚುಚ್ಚುತ್ತೆ ಅನ್ನಿಸೋದು.

---

ಗದ್ದೆಬದಿ_ಮಂಡ್ಯ

ಓಮಣ್ಣ ಹೇಳಿದ್ದು ಸರಿನೇ ಕಣಣ್ಣ, ಆದ್ರೆ ಬೇಸ್ ಎತ್ತೋಕ್ ಮುಂಚೆ ಒಸಿ ತಲೆ ಎತ್ತಿ ಫ್ಯಾನ್ ನೋಡಿ.

ಫುಲ್ ಸ್ಪೀಡ್‌ನಾಗೆ ಓಡೋ ಸೀಲಿಂಗ್ ಫ್ಯಾನು 45–50 ಡಿಬಿ ಸಲೀಸಾಗಿ ಮಾಡ್ತದೆ. ನೀವು ಹಾಡು ಇಟ್ಟಿರೋದು 60. ಅಂದ್ರೆ ಹಾಡಿನಾಗೆ ದೊಡ್ಡ ದನಿಗಿಂತ 15 ಡಿಬಿ ಕೆಳಗಿರೋದೆಲ್ಲ ಫ್ಯಾನ್ ಗಾಳೀಲೇ ಹೋಯ್ತು. ತಂಬೂರಿ ಇರೋದೇ ಅಲ್ಲಿ. ಇದನ್ನ ಯಾವ ಆಂಪೂ, ಯಾವ ಕೇಬಲ್ಲೂ ವಾಪಸ್ ತಂದ್ಕೊಡಲ್ಲ. ಫ್ಯಾನ್ ಎರಡಕ್ಕೆ ಇಳಿಸಿ, ಇಲ್ಲಾ ಆಫ್ ಮಾಡಿ ಟೇಬಲ್ ಫ್ಯಾನ್ ದೂರದಲ್ಲಿಡಿ. ಆಗ ಕೇಳಿ, ಆಮೇಲೆ ಮಾತಾಡಾನ.

ಇನ್ನೊಂದು ರೆಗ್ಯುಲೇಟರ್. ನುಣ್ಣಗೆ ತಿರುಗೋ ಡಿಮ್ಮರ್ ಥರದ್ದು ಟ್ರಯಾಕ್ (ಕರೆಂಟನ್ನ ತುಂಡರಿಸಿ ಕೊಡೋ ಬಿಡಿಭಾಗ) ಇರೋದು, ಕಮ್ಮಿ ಸ್ಪೀಡಲ್ಲಿ ಮೋಟ್ರು ಗುಂಯ್ ಅಂತದೆ. ಅದರ ಕಿರಿಕಿರಿ ವೈರಲ್ಲಿ ಬಂದು ಆಂಪ್‌ನಾಗೂ ಜರ್ ಅಂತ ಕೇಳಬೌದು. ಟಕ್ ಟಕ್ ಅಂತ ಒಂದೊಂದೇ ನಂಬರ್ ಬದಲೋ ಕೆಪಾಸಿಟರ್ ರೆಗ್ಯುಲೇಟರ್ ಹಾಕ್ಸಿ, ಆ ತಂಟೆ ಇಲ್ಲ.

ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಕೇಳ್ತಿದ್ರೆ ಫ್ಯಾನೂ ಗುಯ್‌ಗುಟ್ಟುತ್ತೆ, ಆಂಪ್ ಟ್ರಾನ್ಸ್‌ಫಾರ್ಮರೂ ಗುಯ್‌ಗುಟ್ಟುತ್ತೆ. ಅದಕ್ಕೆ ಸೈನ್ ವೇವ್ ಇನ್ವರ್ಟರೇ ಔಷ್ದಿ. ಗದ್ದೆ ಕಡೆ ಕಪ್ಪೆ ವಟಗುಟ್ಟಿದ್ರೆ ಮಾತ್ರ ಅದಕ್ಕೆ ನನ್ ತಾವ ಔಷ್ದಿ ಇಲ್ಲ.

---

ಸೋಲ್ಡರ್_ಹೊಗೆ

ಹಾಡುವವರು ಎಡಕ್ಕೆ ಸರಿದರು ಅಂದಿರಲ್ಲ, ಅದರ ಬಗ್ಗೆ. ಮುಕ್ಕಾಲು ಪಾಲು ಅದು ವಾಲ್ಯೂಮ್ ಪಾಟ್ (ನಾಬ್ ಹಿಂದಿನ ತಿರುಗೋ ರೆಸಿಸ್ಟರ್). ಒಂದೇ ಕಡ್ಡಿಯಲ್ಲಿ ಎರಡು ಕಾರ್ಬನ್ ಟ್ರ್ಯಾಕ್ ಇರುತ್ತೆ, ಎಡಕ್ಕೊಂದು ಬಲಕ್ಕೊಂದು. ತಿರುಗಿಸುವ ಶುರುವಿನಲ್ಲಿ, ಅಂದರೆ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 7ರಿಂದ 8.30ರವರೆಗೆ, ಎರಡೂ ಒಂದೇ ಸಮ ಇರಲ್ಲ. ಸಾಧಾರಣ ಪಾಟ್‌ಗಳಲ್ಲಿ 2–3 ಡಿಬಿ ವ್ಯತ್ಯಾಸ ಮಾಮೂಲು. ಬ್ಯಾಲೆನ್ಸ್ ನಾಬ್‌ನಲ್ಲಿ ಸರಿಮಾಡೋಕೆ ಹೋಗಬೇಡಿ. ವ್ಯತ್ಯಾಸ ಪ್ರತಿ ಜಾಗದಲ್ಲೂ ಬೇರೆ ಬೇರೆ, ಇಲ್ಲಿ ಸರಿಮಾಡಿದರೆ ಮುಂದೆ ಕೆಡುತ್ತೆ.

ಮೊದಲು ಖಾತ್ರಿ ಮಾಡಿಕೊಳ್ಳಿ:

ಲ್ಯಾಪ್‌ಟಾಪ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿ ಒಂದೇ ಕಂಠದ ಹಾಡು ಹಾಕಿ. ಆಂಪ್ ಆಫ್ ಮಾಡಿ ಹಿಂದಿನ ಕೆಂಪು–ಬಿಳಿ ಆರ್‌ಸಿಎ ಪಿನ್‌ಗಳನ್ನ ಅದಲುಬದಲು ಮಾಡಿ, ಮತ್ತೆ ಅಷ್ಟೇ ವಾಲ್ಯೂಮಲ್ಲಿ ಕೇಳಿ. ದನಿ ಬಲಕ್ಕೆ ಬಂದರೆ ತೊಂದರೆ ಡ್ಯಾಕ್ ಅಥವಾ ಕೇಬಲ್‌ನದು. ಎಡದಲ್ಲೇ ಉಳಿದರೆ ಆಂಪ್ ಅಥವಾ ಅದರಿಂದಾಚೆ. ಆಗ ಪಿನ್ ಮೊದಲಿನ ಹಾಗೆ ಹಾಕಿ, ಆಂಪ್ ಆಫ್ ಇರುವಾಗಲೇ ಸ್ಪೀಕರ್ ವೈರ್ ಅದಲುಬದಲು ಮಾಡಿ. ದನಿ ಬಲಕ್ಕೆ ಹೋದರೆ ಆಂಪ್, ಹೋಗದಿದ್ದರೆ ಸ್ಪೀಕರ್ ಅಥವಾ ಕೋಣೆ. ಆಂಪೇ ಅಂತ ಆದರೆ ನಾಬನ್ನ 10 ಗಂಟೆಗೆ ತನ್ನಿ (ಲ್ಯಾಪ್‌ಟಾಪ್ ವಾಲ್ಯೂಮ್ ಇಳಿಸಿಕೊಂಡು). ನಡುವಿಗೆ ಬಂತಾ? ಹಾಗಾದರೆ ಪಾಟೇ.

ಇದಕ್ಕೆ ಮದ್ದು ಪಾಟ್ ಬದಲಿಸೋದಲ್ಲ, ನಾಬ್ ಮೇಲೆ ಬರೋ ಹಾಗೆ ಮಾಡೋದು. ಡ್ಯಾಕ್ ಕೊಡೋದು 2 ವೋಲ್ಟ್. ಬಹಳಷ್ಟು ಆಂಪ್‌ಗಳಿಗೆ ಪೂರ್ತಿ ವ್ಯಾಟ್ ಕೊಡೋಕೆ 200 ಮಿಲಿವೋಲ್ಟ್ ಅಷ್ಟು ಸಾಕು. ಹತ್ತು ಪಟ್ಟು ಹೆಚ್ಚು ಬರ್ತಾ ಇದೆ. ಅದಕ್ಕೇ 8 ಗಂಟೆಗೇ ಜೋರಾಗೋದು.

ಮಧ್ಯೆ 10 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ಇಳಿಸೋ ರೆಸಿಸ್ಟರ್ ಜೋಡಿ) ಹಾಕಿ. ಚಾನೆಲ್‌ಗೆ ಎರಡೇ ರೆಸಿಸ್ಟರ್: ಸಿಗ್ನಲ್ ದಾರಿಯಲ್ಲಿ 6.8 ಕಿಲೋ ಓಮ್, ಅದಾದ ಮೇಲೆ ಸಿಗ್ನಲ್‌ನಿಂದ ಗ್ರೌಂಡ್‌ಗೆ 3.3 ಕಿಲೋ ಓಮ್. ಆಂಪ್ ಇನ್‌ಪುಟ್ 47 ಕಿಲೋ ಅಂತ ಲೆಕ್ಕ ಹಾಕಿದರೆ ಸರಿಯಾಗಿ 10 ಡಿಬಿ ಇಳಿಯುತ್ತೆ, ಡ್ಯಾಕ್‌ಗೆ ಕಾಣೋದು 10 ಕಿಲೋ, ಅದಕ್ಕೇನೂ ಭಾರವಲ್ಲ. ಕಾಲು ವ್ಯಾಟ್ ಮೆಟಲ್ ಫಿಲ್ಮ್ 1% ತಗೊಳ್ಳಿ. ಹತ್ತು ಹತ್ತು ತಂದು ಮಲ್ಟಿಮೀಟರ್‌ನಲ್ಲಿ ಅಳೆದು ಒಂದೇ ಸಮ ಇರೋದನ್ನ ಎರಡೂ ಕಡೆ ಹಾಕಿ, ಖರ್ಚು ರೆಸಿಸ್ಟರ್‌ಗಿಂತ ಆರ್‌ಸಿಎ ಪಿನ್ನಿಗೇ ಜಾಸ್ತಿ. ಕೇಬಲ್‌ನ ಆಂಪ್ ತುದಿಯಲ್ಲೇ ಕೂರಿಸಿ, ಡ್ಯಾಕ್ ತುದಿಯಲ್ಲಿ ಬೇಡ. ಅಲ್ಲಿ ಹಾಕಿದರೆ ಉದ್ದ ಕೇಬಲ್ ಪೂರ್ತಿ 2 ಕಿಲೋ ಚಿಲ್ಲರೆ ಇಂಪಿಡೆನ್ಸ್ ಮೇಲೆ ನೇತಾಡುತ್ತೆ, ಹಮ್ (ಕರೆಂಟಿನ ಗುಂಯ್ ಸದ್ದು) ಹಿಡಿಯೋದು ಸುಲಭ.

---

ಮಹಡಿಮನೆ_ಸರಸ್ವತಿಪುರಂ

ಸೋಲ್ಡರ್ ಮಾಡದೆ ಲ್ಯಾಪ್‌ಟಾಪ್‌ನಲ್ಲೇ ವಾಲ್ಯೂಮ್ ಇಳಿಸಿದರೆ ಆಗಲ್ವಾ? ಬಿಟ್ ಕಳೆದುಹೋಗುತ್ತೆ ಅಂತಾರಲ್ಲ.

---

ಓಮ್_ನಿಯಮ

ಧಾರಾಳವಾಗಿ ಇಳಿಸಿ. ಒಂದು ಬಿಟ್ ಅಂದರೆ 6 ಡಿಬಿ. ಹಾಡು 16 ಬಿಟ್, ಡ್ಯಾಕ್ 24 ಬಿಟ್‌ನಲ್ಲಿ ಓಡ್ತಾ ಇದ್ದರೆ ಕೆಳಗೆ 8 ಬಿಟ್ ಖಾಲಿ ಜಾಗ ಇದೆ. 10, 15, 20 ಡಿಬಿ ಇಳಿಸಿದರೂ ಹಾಡಿನ ಬಿಟ್‌ಗೆ ಕೈ ಹಾಕಿದ ಹಾಗಾಗಲ್ಲ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಡ್ಯಾಕ್‌ನ ಫಾರ್ಮ್ಯಾಟ್ 24 ಬಿಟ್‌ಗೆ ಇಟ್ಟಿದೆಯಾ ನೋಡಿಕೊಳ್ಳಿ, ಅಷ್ಟೇ. 16ಕ್ಕೇ ಬಿಟ್ಟಿದ್ದರೆ ಮಾತ್ರ ಆ ಮಾತು ನಿಜ.

ಒಂದೇ ಅಪಾಯ: ಯಾವುದೋ ನೋಟಿಫಿಕೇಶನ್ ಅಥವಾ ಅಪ್‌ಡೇಟ್ ಲ್ಯಾಪ್‌ಟಾಪ್ ವಾಲ್ಯೂಮನ್ನ 100ಕ್ಕೆ ಎತ್ತಿದರೆ ಮಧ್ಯರಾತ್ರಿ ಇಡೀ ಬೀದಿ ಎದ್ದು ಕೂರುತ್ತೆ. ರೆಸಿಸ್ಟರ್‌ಗೆ ಆ ಬುದ್ಧಿ ಇಲ್ಲ.

ಹೇಗಿದ್ದರೂ ಲ್ಯಾಪ್‌ಟಾಪ್ ಇದೆ, ಬೇಸ್ ಕೊರತೆಯನ್ನೂ ಅಲ್ಲೇ ತುಂಬಿ. ಈಕ್ವಲೈಸರ್ ಎಪಿಒ ಅಂತ ಬಿಟ್ಟಿ ಸಾಫ್ಟ್‌ವೇರ್ ಇದೆ. ಹಾಕುವಾಗ ಯಾವ ಡಿವೈಸ್ ಅಂತ ಕೇಳುತ್ತೆ, ನಿಮ್ಮ ಡ್ಯಾಕ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ಆಮೇಲೆ ಎರಡೇ ಸಾಲು: ಪ್ರೀಆಂಪ್ (ಒಟ್ಟು ಮಟ್ಟ) ಮೈನಸ್ 9 ಡಿಬಿ. ಲೋ ಶೆಲ್ಫ್ ಫಿಲ್ಟರ್ (ಕೊಟ್ಟ ಹರ್ಟ್ಸ್ ಕೆಳಗಿನದನ್ನೆಲ್ಲ ಎತ್ತೋದು) 150 ಹರ್ಟ್ಸ್, ಕ್ಯೂ (ತಿರುವಿನ ಚೂಪು) 0.5, ಪ್ಲಸ್ 9 ಡಿಬಿ. ಇದು ನಾನು ಮೇಲೆ ಕೊಟ್ಟ 8–6–3 ಲೆಕ್ಕಕ್ಕೆ ಹೆಚ್ಚುಕಮ್ಮಿ ಹೊಂದುತ್ತೆ.

ಪ್ರೀಆಂಪ್ ಮೈನಸ್ ಮರೆಯಬೇಡಿ. ಎತ್ತಿದಷ್ಟು ಇಳಿಸದೆ ಹೋದರೆ ಡಿಜಿಟಲ್‌ನಲ್ಲೇ ಅಲೆಯ ತಲೆ ಕತ್ತರಿಸಿ ಹೋಗುತ್ತೆ, ಸಣ್ಣ ವಾಲ್ಯೂಮಲ್ಲೂ ಕರಕರ ಕೇಳುತ್ತೆ. ನಿಮ್ಮ ಕೇಸ್‌ನಲ್ಲಿ ಆ ಮೈನಸ್ ಲಾಭವೇ, ನಾಬ್ ತಾನಾಗೇ ಮೇಲೆ ಬರುತ್ತೆ.

ಫಿಲ್ಟರ್ ಕೆಲಸವೇ ಮಾಡ್ತಿಲ್ಲ ಅನ್ನಿಸಿದರೆ ಎರಡು ಕಡೆ ನೋಡಿ. ಪ್ಲೇಯರ್ ಎಎಸ್‌ಐಒ ಅಥವಾ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿದ್ದರೆ ಎಪಿಒವನ್ನ ದಾಟಿಕೊಂಡು ಹೋಗುತ್ತೆ. ಡ್ಯಾಕ್‌ನ ಡ್ರೈವರ್ ಅಪ್‌ಡೇಟ್ ಆಗಿದ್ದರೂ ಟಿಕ್ ಹಾರಿಹೋಗಿರುತ್ತೆ, ಮತ್ತೆ ಹಾಕಬೇಕು.

---

ತಂಬೂರಿ_ತಂತಿ

9 ಡಿಬಿ, ಅದೂ 150 ಹರ್ಟ್ಸ್‌ನಿಂದ! ಓಮ್ ಅವರೇ, ಗ್ರಾಫ್ ನೋಡಿಕೊಂಡು ಹಾಡು ಕೇಳಿದರೆ ಹೀಗೇ ಆಗೋದು.

ಆ ಶೆಲ್ಫ್ 200 ಹರ್ಟ್ಸ್‌ನಲ್ಲೂ 3 ಡಿಬಿ ಮೇಲೆ ಎತ್ತುತ್ತೆ. ಗಂಡು ಕಂಠದ ಮಂದ್ರ, ಮಧ್ಯಸ್ಥಾಯಿಯ ಕೆಳಭಾಗ ಎಲ್ಲ ಇರೋದು ಅಲ್ಲೇ. ಹಾಡುವವರಿಗೆ ನೆಗಡಿಯಾದ ಹಾಗೆ ಕೇಳುತ್ತೆ. ಕರ್ನಾಟಕ ಸಂಗೀತಕ್ಕೆ ಬೇಕಾದ್ದು ತೊಪ್ಪಿಯ (ಮೃದಂಗದ ಎಡ ಮುಖ) ಗುಮ್ಕಿ, ಘಟದ ಹೊಟ್ಟೆಯ ಶಬ್ದ, ವೀಣೆಯ ಮಂದ್ರದ ತಂತಿ ಮೀಟಿದಾಗಿನ ತೂಕ. ಅಷ್ಟು ಬಂದರೆ ಸಾಕು, ಕಂಠ ಮುಟ್ಟಬಾರದು.

ನನ್ನ ಸಲಹೆ: ಲೋ ಶೆಲ್ಫ್ 90 ಹರ್ಟ್ಸ್, ಕ್ಯೂ 0.7, ಪ್ಲಸ್ 5. ಪ್ರೀಆಂಪ್ ಮೈನಸ್ 5. ಹಾಡಿನ ಮಟ್ಟ ಇನ್ನೂ ಇಳಿಸುವುದಾದರೆ 7ರವರೆಗೆ ಹೋಗಿ, ಅದಕ್ಕಿಂತ ಬೇಡ. ಐಎಸ್‌ಒ ಗೆರೆಗಳನ್ನ ಅಳೆದಿರೋದು ಒಂದೊಂದೇ ಶುದ್ಧ ಸ್ವರ ಇಟ್ಟುಕೊಂಡು. ಹಾಡು ಹಾಗಿರಲ್ಲ. ಜೊತೆಗೆ ಅವರ ಕೋಣೆ 10×12, ನಾಲ್ಕೂ ಕಡೆ ಗಟ್ಟಿ ಗೋಡೆ. ಅದೇ ಸಾಕಷ್ಟು ಬೇಸ್ ಕೂಡಿಸುತ್ತೆ.

ಮಾತಿಗಂತೂ ಶೆಲ್ಫ್ ಪೂರ್ತಿ ಆಫ್. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ ಊರು ನಮ್ಮ ಮೈಸೂರು. ಇಲ್ಲಿ ವಾರ್ತೆ, ಉಪನ್ಯಾಸವನ್ನ ಬೇಸ್ ಹಚ್ಚಿ ಗುಮ್ ಅನ್ನಿಸಿಕೊಂಡು ಕೇಳೋದು ಪಾಪ. ಹಳೇ ಮೋನೋ ಚಿತ್ರಗೀತೆಗೂ ಜಾಸ್ತಿ ಬೇಡ. ಆ ಧ್ವನಿಮುದ್ರಣಗಳಲ್ಲಿ ಕೆಳಗಿನ ಸ್ವರವೇ ಕಮ್ಮಿ, ಶೆಲ್ಫ್ ಎತ್ತಿದರೆ ಮೇಲೆ ಬರೋದು ಹಮ್ಮು ಮತ್ತು ಗರಗರ.

---

ಓಮ್_ನಿಯಮ

ಕಂಠದ ವಿಷಯ ಒಪ್ಪಿದೆ. 9 ಅನ್ನೋದು ಪೂರ್ತಿ ಸರಿದೂಗಿಸಿದರೆ ಬರೋ ಸಂಖ್ಯೆ. ಸ್ಪೀಕರ್ ಗೋಡೆ ಪಕ್ಕ ಇದ್ದರೆ ಅರ್ಧ ಸಾಕು. ಆದರೆ ಶುದ್ಧ ಸ್ವರದ ವಾದ ಒಪ್ಪಲ್ಲ, ಸಣ್ಣ ವಾಲ್ಯೂಮಲ್ಲಿ ಬೇಸ್ ಬೇಗ ಕರಗೋದು ಹಾಡಿಗೂ ಅಷ್ಟೇ ನಿಜ.

ನಿಮ್ಮ 5 ಇಂಚು ವೂಫರ್‌ಗೆ ಒಂದು ಎಚ್ಚರ. ಅಷ್ಟು ಸಣ್ಣ ಸ್ಪೀಕರ್ 50–60 ಹರ್ಟ್ಸ್ ಕೆಳಗೆ ಶಬ್ದ ಕೊಡೋದು ಅಷ್ಟಕ್ಕಷ್ಟೆ, ಎತ್ತಿದರೆ ಕೋನ್ ಸುಮ್ಮನೆ ಹಿಂದೆ ಮುಂದೆ ಓಡುತ್ತೆ. ರಾತ್ರಿ ಏನೂ ಆಗಲ್ಲ, 5 ಮಿಲಿವ್ಯಾಟ್. ಬೆಳಗ್ಗೆ ಯಾರೋ ಅದೇ ಸೆಟ್ಟಿಂಗ್‌ನಲ್ಲಿ ಜೋರಾಗಿ ಹಾಕಿದಾಗ ವೂಫರ್ ಬಡಿಯುತ್ತೆ. 45 ಹರ್ಟ್ಸ್‌ಗೆ ಒಂದು ಹೈ ಪಾಸ್ (ಅದಕ್ಕಿಂತ ಕೆಳಗಿನದನ್ನ ಕತ್ತರಿಸೋ ಫಿಲ್ಟರ್) ಸೇರಿಸಿ. ಹಗಲಿಗೊಂದು ರಾತ್ರಿಗೊಂದು ಪ್ರೊಫೈಲ್ ಉಳಿಸಿಕೊಳ್ಳಿ.

---

ಷೋಕೇಸ್_ವಿರೋಧಿ

ಎಲ್ಲರೂ ಫಿಲ್ಟರ್ ಫಿಲ್ಟರ್ ಅಂತೀರಿ, ದಿವಾನ್ ಬಗ್ಗೆ ಯಾರೂ ಕೇಳಲ್ಲ. ಸಣ್ಣ ವಾಲ್ಯೂಮಲ್ಲಿ ಅತಿ ದೊಡ್ಡ ಲಾಭ ಬಿಟ್ಟಿಯಾಗಿ ಸಿಗೋದು ಹತ್ತಿರ ಕೂತರೆ.

2.8 ಮೀಟರ್‌ನಿಂದ 1.4 ಮೀಟರ್‌ಗೆ ಬಂದರೆ ಸ್ಪೀಕರ್‌ನಿಂದ ನೇರ ಬರೋ ಶಬ್ದ 6 ಡಿಬಿ ಏರುತ್ತೆ. ಪಕ್ಕದ ಮನೆಗೆ ಹೋಗೋದು ಒಂದು ಡಿಬಿಯೂ ಏರಲ್ಲ. ನಾಬ್ ಮುಟ್ಟದೆ ನಿಮಗೆ ಮಾತ್ರ ಜೋರು. ಜೊತೆಗೆ ರೆಡ್ ಆಕ್ಸೈಡ್ ನೆಲ, ಬರಿಗೋಡೆಯಿಂದ ಬರೋ ಪ್ರತಿಧ್ವನಿಗಿಂತ ನೇರ ಶಬ್ದದ ಪಾಲು ಜಾಸ್ತಿಯಾಗಿ ಸಣ್ಣ ಸಣ್ಣ ವಿವರ ಬಿಡಿಸಿ ಕೇಳುತ್ತೆ.

ಸ್ಪೀಕರನ್ನ ಮುಂದಕ್ಕೆ ಎಳೆಯಬೇಡಿ, ಕುರ್ಚಿಯನ್ನ ಮುಂದಕ್ಕೆ ತನ್ನಿ. ಸ್ಪೀಕರ್ ಹಿಂಗೋಡೆಯ ಹತ್ತಿರ ಇದ್ದಷ್ಟೂ ಗೋಡೆಯೇ ಬೇಸ್ ಕೂಡಿಸಿಕೊಡುತ್ತೆ, ರಾತ್ರಿ ನಮಗೆ ಬೇಕಾದ್ದೂ ಅದೇ. ಅರ್ಧ ಮೀಟರ್, ಒಂದು ಮೀಟರ್ ಮುಂದೆ ತಂದಿರೋ, ಗೋಡೆಗೆ ಬಡಿದು ವಾಪಸ್ ಬರೋ ಅಲೆ ನೇರ ಅಲೆಯನ್ನ ಅಳಿಸುತ್ತೆ. ಒಂದು ಮೀಟರ್ ಇದ್ದರೆ 86 ಹರ್ಟ್ಸ್ ಆಸುಪಾಸು ಗುಂಡಿ ಬೀಳುತ್ತೆ, ಅರ್ಧ ಮೀಟರ್‌ಗೆ 171. ಲೆಕ್ಕ ಸುಲಭ: 343ನ್ನ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿ. ಪೋರ್ಟ್ (ಬೇಸ್ ಗಾಳಿ ಬರೋ ತೂತು) ಹಿಂದೆ ಇದ್ದರೆ ಗೋಡೆಯಿಂದ ನಾಲ್ಕು ಬೆರಳಾದರೂ ಬಿಡಿ. ಗುಮ್ ಜಾಸ್ತಿ ಅನ್ನಿಸಿದರೆ ಪೋರ್ಟ್‌ಗೆ ಒಂದು ಕಾಲುಚೀಲ ಸಡಿಲವಾಗಿ ತುರುಕಿ.

ಕುರ್ಚಿ ಎಲ್ಲಿ? ಸ್ಪೀಕರ್ ಇರೋದು 10 ಅಡಿಯ ಗಿಡ್ಡ ಗೋಡೆಗೆ. ಹಾಗಾಗಿ ಆ ಗೋಡೆಯಿಂದ ನಾಲ್ಕೂ ಮುಕ್ಕಾಲು–ಐದು ಅಡಿ. ಆರಡಿಗೆ ಮಾತ್ರ ಬೇಡ, ಅದು 12 ಅಡಿಯ ಸರಿಯಾದ ನಡುಮಧ್ಯ, 47 ಹರ್ಟ್ಸ್ ಅಲ್ಲಿ ಸತ್ತುಹೋಗುತ್ತೆ. ಎರಡು ಸ್ಪೀಕರ್ ನಡುವೆ ನಾಲ್ಕೂವರೆ ಅಡಿ, ನಿಮಗೂ ಅಷ್ಟೇ, ಮುಖ ನಿಮ್ಮ ಕಡೆ ತಿರುಗಿಸಿ.

ನಿಮ್ಮ ಕೋಣೆಯ ದೊಡ್ಡ ರೋಗ ಅಳತೆಯಲ್ಲೇ ಇದೆ. ಅಗಲ 10, ಎತ್ತರವೂ 10. ಎರಡರ ಗುಂಗು ಒಂದೇ ಕಡೆ, 56 ಹರ್ಟ್ಸ್‌ನಲ್ಲಿ ಬೀಳುತ್ತೆ. ಶೆಲ್ಫ್ ಎತ್ತಿದ ತಕ್ಷಣ ಒಂದೇ ಒಂದು ಸ್ವರ ಮಾತ್ರ ಊದಿಕೊಂಡರೆ ಅದೇ. ಫೋನ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 40ರಿಂದ 80 ಹರ್ಟ್ಸ್‌ವರೆಗೆ ನಿಧಾನ ಓಡಿಸಿ (ಡ್ಯಾಕ್ ಮೂಲಕವೇ, ಫೋನ್ ಸ್ಪೀಕರ್‌ನಲ್ಲಿ ಅಲ್ಲ), ಎಲ್ಲಿ ಉಬ್ಬುತ್ತೋ ಅಲ್ಲಿ ಪೀಕಿಂಗ್ ಫಿಲ್ಟರ್ (ಆ ಹರ್ಟ್ಸ್ ಸುತ್ತ ಮಾತ್ರ ಇಳಿಸೋದು) ಒಂದು, ಮೈನಸ್ 5, ಕ್ಯೂ 4. ಆಮೇಲೆ ಶೆಲ್ಫ್ ಎತ್ತಿ.

ಷೋಕೇಸ್ ಬಗ್ಗೆ: ನಾಲ್ಕಡಿ ಮೇಲೆ ಇಟ್ಟಿರೋದರಿಂದ ಟ್ವೀಟರ್ (ಟ್ರೆಬಲ್ ಕೊಡೋ ಸಣ್ಣ ಭಾಗ) ಕಿವಿಗಿಂತ ಒಂದಡಿ ಮೇಲಿರುತ್ತೆ. ದೂರದಲ್ಲಿ ಕೂತಾಗ ನಡೆಯುತ್ತೆ, 1.4 ಮೀಟರ್‌ನಲ್ಲಿ 12 ಡಿಗ್ರಿ ಕೆಳಗೆ ಕೂತ ಹಾಗೆ. ಕ್ರಾಸ್‌ಓವರ್ (ವೂಫರ್, ಟ್ವೀಟರ್ ಕೆಲಸ ಹಂಚಿಕೊಳ್ಳೋ ಹರ್ಟ್ಸ್) ಹತ್ತಿರ ಕಂಠ ಟೊಳ್ಳಾಗಬಹುದು. ಹಿಂದೆ ಒಂದು ತುಂಡು ಮರ ಕೊಟ್ಟು ಮುಂದಕ್ಕೆ ಬಾಗಿಸಿ (ಕೆಳಗೆ ಜಾರದ ಹಾಗೆ ರಬ್ಬರ್), ಅಥವಾ ತಲೆಕೆಳಗು ಮಾಡಿ ಟ್ವೀಟರ್ ಕೆಳಗೆ ಬರಿಸಿ. ನೋಡೋಕೆ ಚೆನ್ನಾಗಿರಲ್ಲ, ಕೇಳೋಕೆ ಚೆನ್ನಾಗಿರುತ್ತೆ. ಷೋಕೇಸ್ ಗಾಜು, ಒಳಗಿನ ಸ್ಟೀಲ್ ಲೋಟ, ಗೊಂಬೆ ಎಲ್ಲ ಬೇಸ್‌ಗೆ ಚಿಲಿಪಿಲಿ ಅನ್ನುತ್ತೆ. ಹಳೇ ಸ್ಕೂಟರ್ ಟ್ಯೂಬ್ ಕತ್ತರಿಸಿ ಎರಡು ಪದರ ಮಡಚಿ ಸ್ಪೀಕರ್ ಕೆಳಗೆ ನಾಲ್ಕು ಮೂಲೆಗೆ ಕೊಡಿ.

ನೆಲಕ್ಕೆ ಜಮಖಾನ ಹಾಸಿ, ಟ್ರೆಬಲ್‌ನ ಚುರುಕು ತಗ್ಗುತ್ತೆ. ಬೇಸ್ ಗುಂಗಿಗೆ ಅದರಿಂದ ಏನೂ ಆಗಲ್ಲ.

---

ಮಹಡಿಮನೆ_ಸರಸ್ವತಿಪುರಂ

ಅದಲುಬದಲು ಮಾಡಿ ನೋಡಿದೆ, ಪಾಟೇ. ನಾಬ್ 10 ಗಂಟೆಗೆ ತಂದರೆ ಕಂಠ ನಡುವಿಗೆ ಬಂತು. ಫ್ಯಾನ್ ಎರಡಕ್ಕೆ, ಕುರ್ಚಿ ಐದಡಿಗೆ, ತಂಬೂರಿ ಅವರ 90 ಹರ್ಟ್ಸ್ ಶೆಲ್ಫ್. 57 ಹರ್ಟ್ಸ್‌ನಲ್ಲಿ ಉಬ್ಬಿತ್ತು, ಕತ್ತರಿಸಿದೆ. ಮೃದಂಗ ಮೃದಂಗದ ಹಾಗೆ ಕೇಳ್ತಾ ಇದೆ.

ಇನ್ನೆರಡು ಪ್ರಶ್ನೆ. ಸಬ್‌ವೂಫರ್ (ಬೇಸ್‌ಗೆ ಮಾತ್ರ ಇರೋ ಸ್ಪೀಕರ್) ಹಾಕಿದರೆ ರಾತ್ರಿಗೆ ಒಳ್ಳೇದಾ, ಅಥವಾ ಪಕ್ಕದವರ ಜೊತೆ ಜಗಳಕ್ಕೆ ದಾರಿಯಾ? ಮುಂದೆ ಆಂಪ್ ಬದಲಿಸುವಾಗ ಲೌಡ್‌ನೆಸ್ ಇರೋದು ನೋಡಬೇಕಾ?

---

ಗದ್ದೆಬದಿ_ಮಂಡ್ಯ

ಸಬ್ ಹಾಕಿ, ಆದ್ರೆ ಆಟೋ ಸ್ಟ್ಯಾಂಡ್‌ಬೈ ನಂಬ್ಬೇಡಿ. ಸಣ್ಣ ವಾಲ್ಯೂಮಲ್ಲಿ ಸಬ್‌ಗೆ ಬರೋ ಸಿಗ್ನಲ್ ಎಷ್ಟು ಕಮ್ಮಿ ಅಂದ್ರೆ, ಹಾಡಿಲ್ಲ ಅನ್ಕಂಡು ಅದು ಮಲಗ್‌ಬುಡ್ತದೆ. ಆಲಾಪನೆ ಮುಗಿದು ಕೃತಿ ಶುರುವಾಗಿ ಮೃದಂಗ ಬಂದ್ರೂ ಏಳಾಕಿಲ್ಲ. ಹಿಂದಿನ ಸ್ವಿಚ್ಚನ್ನ ಆಟೋಯಿಂದ ಆನ್‌ಗೆ ಹಾಕಿ. ಆನ್ ಇಲ್ಲದ ಮಾಡೆಲ್ ಆದ್ರೆ ಸಬ್‌ನ ಗೇನ್ ಇಳ್ಸಿ, ಆಂಪ್ ಕಡೆ ಸಬ್ ಲೆವೆಲ್ ಅಷ್ಟೇ ಎತ್ತಿ. ಸಿಗ್ನಲ್ ದಪ್ಪ ಹೋಯ್ತದೆ, ಶಬ್ದ ಅಷ್ಟೇ ಇರ್ತದೆ, ಮಲಗಲ್ಲ.

---

ಷೋಕೇಸ್_ವಿರೋಧಿ

ಪಕ್ಕದ ಮನೆ ವಿಷಯ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡಿಬಿ ಅಂತಿದೆ, ಹಗಲಿಗೆ 55. ಆದರೆ ಅದು 'ಎ' ತೂಕದ ಡಿಬಿ, ಅಂದರೆ ಕಿವಿಗೆ ಕಮ್ಮಿ ಕೇಳೋ ಬೇಸನ್ನ ಕಮ್ಮಿ ಲೆಕ್ಕಕ್ಕೆ ತಗೊಳ್ಳೋ ಅಳತೆ. ಎ ತೂಕ 50 ಹರ್ಟ್ಸ್‌ನಲ್ಲಿ 30 ಡಿಬಿ ಕಳೆದುಬಿಡುತ್ತೆ. ಫೋನ್ ಮೀಟರ್ 40 ತೋರಿಸುತ್ತಾ ಇರುತ್ತೆ, ಆಚೆ ಗೋಡೆಗೆ ತಲೆ ಕೊಟ್ಟು ಮಲಗಿದವರಿಗೆ ಗುಮ್ ಗುಮ್ ಕೇಳ್ತಾ ಇರುತ್ತೆ. ಇಟ್ಟಿಗೆ ಗೋಡೆ ಕಂಠವನ್ನ ತಡೆದಷ್ಟು ಬೇಸನ್ನ ತಡೆಯಲ್ಲ. ಮೀಟರ್ ಆ್ಯಪ್‌ನಲ್ಲಿ 'ಸಿ' ತೂಕಕ್ಕೆ ಬದಲಿಸಿ ನೋಡಿ, ಆಗ ನಿಜ ಕಾಣುತ್ತೆ.

ಹಾಗಾಗಿ ಸಬ್ ಇಟ್ಟರೂ ಆ ಉದ್ದ ಗೋಡೆಯ ಹತ್ತಿರ ಬೇಡ, ಮೂಲೆಗೂ ಬೇಡ. ನಿಮ್ಮ ಕುರ್ಚಿಯ ಪಕ್ಕದಲ್ಲೇ, ಎರಡಡಿ ದೂರದಲ್ಲಿಡಿ. ಸ್ಪೀಕರ್‌ಗೆ ಹೇಳಿದ್ದೇ ಇದಕ್ಕೂ: ಹತ್ತಿರ ಇದ್ದಷ್ಟೂ ನಿಮಗೆ ಜೋರು, ಗೋಡೆಯಾಚೆಗೆ ಅಲ್ಲ. ಕ್ರಾಸ್‌ಓವರ್ 70–80 ಹರ್ಟ್ಸ್. ಅದಕ್ಕಿಂತ ಮೇಲೆ ಇಟ್ಟರೆ ಮೃದಂಗ ನಿಮ್ಮ ಪಕ್ಕದಲ್ಲಿ ಬಂದು ಕೂರುತ್ತೆ. ಕೆಳಗೆ ದಪ್ಪ ರಬ್ಬರ್ ಹಾಳೆ, ಮಹಡಿ ಮನೆಯಲ್ಲಿ ನೆಲದ ಮೂಲಕ ಕೆಳಗಿನವರಿಗೆ ಹೋಗೋದು ಸ್ವಲ್ಪ ತಗ್ಗುತ್ತೆ. ಸಬ್ ಬಂದ ಮೇಲೆ ಶೆಲ್ಫ್ ತೆಗೆಯಿರಿ, ಸಬ್‌ನ ಲೆವೆಲನ್ನೇ ರಾತ್ರಿಗೆ 3–5 ಡಿಬಿ ಏರಿಸಿ. ಎರಡೂ ಒಟ್ಟಿಗೆ ಬೇಡ.

---

ಓಮ್_ನಿಯಮ

ಲೌಡ್‌ನೆಸ್ ವಿಷಯ. ಬರೀ ಆನ್–ಆಫ್ ಸ್ವಿಚ್ಚಿನದಾದರೆ ನಾಬ್ ಎಲ್ಲಿದೆ ಅನ್ನೋದರ ಮೇಲೆ ಅದರ ಹದ ನಿಂತಿರುತ್ತೆ. 2 ವೋಲ್ಟ್ ಡ್ಯಾಕ್‌ಗೆ ಅದು ಹೊಂದೋದು ಅಪರೂಪ. ತಿರುಗಿಸೋ ಲೌಡ್‌ನೆಸ್ ನಾಬ್ ಇರೋದು ಒಳ್ಳೇದು. ಯಮಹಾ ಎ-ಎಸ್301, ಎ-ಎಸ್501ರಲ್ಲಿ ಅದು ಇದೆ. ಬಳಸುವ ಕ್ರಮ ಮಾತ್ರ ಉಲ್ಟಾ: ಮೊದಲು ಲೌಡ್‌ನೆಸ್ ಫ್ಲಾಟ್‌ನಲ್ಲಿಟ್ಟು, ವಾಲ್ಯೂಮ್ ನಾಬ್‌ನಲ್ಲಿ ನೀವು ಕೇಳೋ ಅತಿ ಜೋರಿನ ಮಟ್ಟ ಇಡಿ. ಆಮೇಲೆ ವಾಲ್ಯೂಮ್ ಮುಟ್ಟಬೇಡಿ, ಲೌಡ್‌ನೆಸ್ ನಾಬ್‌ನಿಂದಲೇ ಇಳಿಸಿಕೊಳ್ಳಿ. ಅದು ಇಳಿಸ್ತಾ ಇಳಿಸ್ತಾ ಬೇಸ್ ಉಳಿಸಿಕೊಳ್ಳುತ್ತೆ. ಜೊತೆಗೆ ವಾಲ್ಯೂಮ್ ನಾಬ್ ಮೇಲೇ ಇರೋದರಿಂದ ಎಡ–ಬಲದ ತಕರಾರೂ ಬರಲ್ಲ.

ಎವಿ ರಿಸೀವರ್ ಆದರೆ ಡೆನಾನ್, ಮರಾಂಟ್ಜ್‌ಗಳಲ್ಲಿ ಬರೋ ಆಡಿಸ್ಸಿಯ ಡೈನಮಿಕ್ ಇಕ್ಯೂ ಇದೇ ಕೆಲಸ ತಾನಾಗೇ ಮಾಡುತ್ತೆ. ಆದರೆ ಅದರ ಲೆಕ್ಕ ಸಿನಿಮಾ ಮಟ್ಟದ್ದು. ಹಾಡಿಗೆ ರೆಫರೆನ್ಸ್ ಲೆವೆಲ್ ಆಫ್‌ಸೆಟ್ 10 ಅಥವಾ 15ಕ್ಕೆ ಇಡದಿದ್ದರೆ ಬೇಸ್ ವಿಪರೀತ.

---

ತಂಬೂರಿ_ತಂತಿ

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ರಾತ್ರಿಗೆ ಆನ್ ಇರಲಿ, ಕಛೇರಿ ಮುಗಿದು ಮುಂದಿನ ಆಲ್ಬಮ್ ಬಂದಾಗ ಎಗರಿ ಬೀಳೋದು ತಪ್ಪುತ್ತೆ. 'ಲೌಡ್' ಅಂತ ಆಯ್ಕೆ ಇದ್ದರೆ ಅದು ಬೇಡ, ಸಾಧಾರಣದ್ದು ಸಾಕು. ನೈಟ್ ಮೋಡ್ ಅಂತ ಬರೋ ಕಂಪ್ರೆಷನ್ ಸಿನಿಮಾ ಸಂಭಾಷಣೆಗೆ ಸರಿ. ತನಿ ಆವರ್ತನಕ್ಕೆ ಹಾಕಿದರೆ ಎಲ್ಲ ಪೆಟ್ಟೂ ಒಂದೇ ತೂಕ.

---

ಮಹಡಿಮನೆ_ಸರಸ್ವತಿಪುರಂ

ರೆಸಿಸ್ಟರ್ ಹಾಕೋಣ ಅಂತಿದ್ದೀನಿ. ಆಂಪ್ ಮ್ಯಾನ್ಯುಯಲ್‌ನಲ್ಲಿ ಇನ್‌ಪುಟ್ 20 ಕಿಲೋ ಅಂತಿದೆ, 47 ಅಲ್ಲ. ಬೆಲೆ ಬದಲಿಸಬೇಕಾ? ಜೊತೆಗೆ ಟ್ವೀಟರ್ ಹತ್ತಿರ ಕಿವಿ ಇಟ್ಟರೆ ಸ್ಸ್ ಅಂತ ಕೇಳುತ್ತೆ, ಅದೂ ಇದರಿಂದ ಹೋಗುತ್ತಾ?

---

ಸೋಲ್ಡರ್_ಹೊಗೆ

20 ಕಿಲೋ ಆದರೆ ಅದೇ ರೆಸಿಸ್ಟರ್‌ಗಳಲ್ಲಿ ಹತ್ತರ ಬದಲು ಹತ್ತೂವರೆ ಪೌಣೆಹನ್ನೊಂದು ಡಿಬಿ ಇಳಿಯುತ್ತೆ. ಎರಡೂ ಚಾನೆಲ್ ಒಂದೇ ಸಮ ಇಳಿಯೋದರಿಂದ ತಲೆ ಕೆಡಿಸಿಕೊಳ್ಳಬೇಡಿ.

ಸ್ಸ್ ಹೋಗಲ್ಲ. ವಾಲ್ಯೂಮ್ ಪೂರ್ತಿ ಸೊನ್ನೆಗೆ ಇಳಿಸಿ ಕೇಳಿ. ಆಗಲೂ ಅಷ್ಟೇ ಇದ್ದರೆ ಅದು ಪಾಟ್‌ನಿಂದಾಚೆಗಿನ ಪವರ್ ಸ್ಟೇಜ್‌ನ ಹಿಸ್. ರೆಸಿಸ್ಟರ್ ಕೂರೋದು ಪಾಟ್‌ಗಿಂತ ಮುಂಚೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕುರ್ಚಿಯಲ್ಲಿ ಕೂತಾಗ ಕೇಳದಿದ್ದರೆ ಬಿಟ್ಟುಬಿಡಿ. ವಾಲ್ಯೂಮ್ ಸೊನ್ನೆಗೆ ಬಂದಾಗ ಹಿಸ್ ನಿಂತರೆ ಅದು ಡ್ಯಾಕ್‌ನಿಂದ ಬರ್ತಿರೋದು, ಅದನ್ನ ಮಾತ್ರ ರೆಸಿಸ್ಟರ್ ಸಿಗ್ನಲ್ ಜೊತೆಗೇ ಇಳಿಸುತ್ತೆ. ಆದರೆ ನಾಬ್ ಮೇಲೆ ಎತ್ತಿದಾಗ ಎರಡೂ ಒಟ್ಟಿಗೇ ವಾಪಸ್ ಬರುತ್ತೆ.

ಬೆಸೆಯುವಾಗ 3.3 ಕಿಲೋದ ಗ್ರೌಂಡ್ ಕಾಲನ್ನ ಆರ್‌ಸಿಎ ಪಿನ್ನಿನ ಹೊರ ಉಂಗುರಕ್ಕೇ ಕೊಡಿ. ಆ ಉಂಗುರ ಕಾದರೆ ಒಳಗಿನ ಪ್ಲಾಸ್ಟಿಕ್ ಕರಗಿ ನಡುವಿನ ಕಡ್ಡಿ ಓರೆಯಾಗುತ್ತೆ. ಅದಕ್ಕೇ ಪಿನ್ನನ್ನ ಇನ್ನೊಂದು ಹಳೇ ಸಾಕೆಟ್‌ಗೆ ಚುಚ್ಚಿಟ್ಟುಕೊಂಡು ಬೆಸೆಯಿರಿ, ಕಡ್ಡಿ ನೆಟ್ಟಗೆ ನಿಲ್ಲುತ್ತೆ. ಮೇಲೆ ಹೀಟ್ ಶ್ರಿಂಕ್ ಹಾಕೋಕೆ ಮುಂಚೆ ಮಲ್ಟಿಮೀಟರ್‌ನಲ್ಲಿ ನೋಡಿ: ಡ್ಯಾಕ್ ಕಡೆಯ ತುದಿಯಿಂದ ಗ್ರೌಂಡ್‌ಗೆ 10.1 ಕಿಲೋ, ಆಂಪ್ ಕಡೆಯ ಪಿನ್ನಿನಿಂದ ಗ್ರೌಂಡ್‌ಗೆ 3.3 ಕಿಲೋ ಬರಬೇಕು. ಆಂಪ್ ಕಡೆಯೇ 10.1 ತೋರಿಸಿದರೆ ತಿರುಗುಮುರುಗು ಆಗಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ.